ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮಾತು ಯಾವಾಗ ಕಿರುಕುಳ ಆಗುತ್ತದೆ?

ಮಾತು ಕೇಳಿ ಒಬ್ಬರಿಗೆ ನೋವಾಯಿತು ಅನ್ನುವುದಷ್ಟೇ ಸಾಲದು. ಅವರ ಓದಿಗೇ ಕಲ್ಲು ಬೀಳುವಷ್ಟು ಅದು ಮುಂದುವರಿದಾಗ ಕಿರುಕುಳ ಆಗುತ್ತದೆ. (ಬೆದರಿಕೆ ಹಾಕುವುದು ಬೇರೆಯೇ ತಪ್ಪು.)

ಈ ಅಳತೆ ಬಂದಿದ್ದು 1999ರ ಡೇವಿಸ್ ಮೊಕದ್ದಮೆಯಿಂದ. ಐದನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಸಹಪಾಠಿ ತಿಂಗಳುಗಟ್ಟಲೆ ಲೈಂಗಿಕವಾಗಿ ಪೀಡಿಸಿದ್ದ. ಅವಳ ಮಾರ್ಕ್ಸ್ ಕುಸಿದವು. ದೂರು ಕೊಟ್ಟರೂ ಶಾಲೆ ಏನೂ ಮಾಡಲಿಲ್ಲ ಎಂದು ಮನೆಯವರು ಕೋರ್ಟಿಗೆ ಹೋದರು. ಶಾಲೆ ಹೊಣೆ ಹೊರಬೇಕಾದರೆ ಕಿರುಕುಳ ತೀವ್ರವಾಗಿರಬೇಕು, ವ್ಯಾಪಕವಾಗಿರಬೇಕು, ಯಾರು ನೋಡಿದರೂ ಅಸಹ್ಯ ಅನ್ನಿಸಬೇಕು, ಕಲಿಯುವ ಅವಕಾಶವನ್ನೇ ಕಸಿಯುವಂತಿರಬೇಕು ಎಂದಿತು ಸುಪ್ರೀಂ ಕೋರ್ಟ್.

ಅಳತೆ ಇಷ್ಟು ಬಿಗಿ ಯಾಕೆ? ಸರ್ಕಾರ ಮಾತಿಗೆ ಕಡಿವಾಣ ಹಾಕಬಾರದು ಎನ್ನುತ್ತದೆ ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ. ಸರ್ಕಾರಿ ವಿಶ್ವವಿದ್ಯಾಲಯವೂ ಸರ್ಕಾರವೇ ಅಲ್ವಾ? ಮಿಷಿಗನ್ ವಿಶ್ವವಿದ್ಯಾಲಯ 1988ರಲ್ಲಿ ಜನಾಂಗ, ಲಿಂಗ ಮುಂತಾದವುಗಳ ಹೆಸರಲ್ಲಿ ಯಾರನ್ನಾದರೂ ಕಳಂಕಿತರನ್ನಾಗಿಸುವ ಮಾತಿಗೆ ಶಿಕ್ಷೆ ಎಂದು ನಿಯಮ ಮಾಡಿತು. ಉದ್ದೇಶ ಒಳ್ಳೆಯದೇ, ಕ್ಯಾಂಪಸ್ಸಿನಲ್ಲಿ ಜನಾಂಗ ದ್ವೇಷದ ಘಟನೆಗಳು ನಡೆದಿದ್ದವು. ಆದರೆ ಗಂಡು ಹೆಣ್ಣಿನ ಜೈವಿಕ ವ್ಯತ್ಯಾಸದ ಸಿದ್ಧಾಂತಗಳನ್ನು ತರಗತಿಯಲ್ಲಿ ಚರ್ಚಿಸಿದರೂ ಸಿಕ್ಕಿಬೀಳಬಹುದು ಎಂದು ಒಬ್ಬ ವಿದ್ಯಾರ್ಥಿ ಹೆದರಿ ಕೋರ್ಟಿಗೆ ಹೋದರು. ಯಾವ ಮಾತು ತಪ್ಪು ಎಂದು ಮೊದಲೇ ತಿಳಿಯದಷ್ಟು ನಿಯಮ ಅಸ್ಪಷ್ಟ ಎಂದು 1989ರಲ್ಲಿ ಫೆಡರಲ್ ಕೋರ್ಟ್ ಅದನ್ನು ತಡೆಯಿತು. ನನಗಂತೂ ಆ ತೀರ್ಪು ಸರಿ ಅನ್ನಿಸುತ್ತದೆ. ಗೆರೆ ಕಾಣದಿದ್ದರೆ ವಿದ್ಯಾರ್ಥಿಗಳು ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ.

ಖಾಸಗಿ ವಿಶ್ವವಿದ್ಯಾಲಯಗಳಿಗೆ ಮೊದಲ ತಿದ್ದುಪಡಿ ನೇರವಾಗಿ ಅನ್ವಯಿಸುವುದಿಲ್ಲ. ಅಲ್ಲಿ ಅವರವರ ನಿಯಮ ಪುಸ್ತಕ ನೋಡಬೇಕು.