ಮಗನ ಕತ್ತಿನ ಕಪ್ಪು, ಸೋದರಮಾವನ ಕಾಯಿಲೆ

ಪ್ರಶ್ನೆ: ಮಗನಿಗೆ 11 ವರ್ಷ. ದಪ್ಪಗಿದ್ದಾನೆ, ಕತ್ತಿನ ಹಿಂದೆ ಕಪ್ಪಾಗಿದೆ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಇನ್ಸುಲಿನ್ ಜಾಸ್ತಿ ಇದೆ ಎಂದರು. ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ. ಮಕ್ಕಳಲ್ಲಿ ಇನ್ಸುಲಿನ್ ಹೆಚ್ಚಿದ್ದರೆ ಆ ಕಾಯಿಲೆ 5 ಪಟ್ಟು ಹೆಚ್ಚು ಎಂದು ವಾಟ್ಸಾಪ್‌ನಲ್ಲಿ ಓದಿದೆ. ಈಗ ಮಗ ಒಬ್ಬನೇ ಏನೋ ಗೊಣಗಿಕೊಂಡರೂ ಎದೆ ಝಲ್ಲೆನ್ನುತ್ತದೆ. ಅತ್ತೆಯಂತೂ ‘ಎಲ್ಲಾ ನಿಮ್ಮ ಕಡೆಯದ್ದೇ’ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಆದರೆ ಸುದ್ದಿ ನಿಮ್ಮ ಫೋನಿಗೆ ಬರುವಷ್ಟರಲ್ಲಿ ಅದರ ಮುಕ್ಕಾಲು ಭಾಗ ಉದುರಿಹೋಗಿದೆ.

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಶುರುವಿನಲ್ಲಿ ಹುಟ್ಟಿದ ಸಾವಿರಾರು ಮಕ್ಕಳ ಆರೋಗ್ಯವನ್ನು ಚಿಕ್ಕಂದಿನಿಂದ ಗಮನಿಸುತ್ತಾ ಬಂದಿದ್ದಾರೆ. ಅವರ 9ರಿಂದ 24 ವರ್ಷದವರೆಗಿನ ಇನ್ಸುಲಿನ್ ಅಳತೆಗಳನ್ನು ಕೇಂಬ್ರಿಡ್ಜ್‌ನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಪರಿಶೀಲಿಸಿದರು. ಅಷ್ಟೂ ವರ್ಷ ಇನ್ಸುಲಿನ್ ಏರಿಯೇ ಇದ್ದವರಲ್ಲಿ ಸೈಕೋಸಿಸ್ (ಇಲ್ಲದ ದನಿ ಕೇಳಿಸುವಂಥ ಸ್ಥಿತಿ, ಸ್ಕಿಜೋಫ್ರೇನಿಯಾ ಅದರಲ್ಲೊಂದು ಬಗೆ) ಸುಮಾರು 3 ಪಟ್ಟು ಹೆಚ್ಚಿತ್ತು. ನೀವು ಓದಿದ 5 ಪಟ್ಟು ಕಾಯಿಲೆಯ ಲೆಕ್ಕವೇ ಅಲ್ಲ, ಅದಕ್ಕೂ ಮುಂಚೆ ಕಾಣುವ ಸೌಮ್ಯ ಲಕ್ಷಣಗಳದ್ದು. ಇನ್ನೊಂದು ಮಾತು: ಬರೀ ದಪ್ಪಗಿರುವುದಕ್ಕೂ ಸೈಕೋಸಿಸ್‌ಗೂ ಅಲ್ಲಿ ನಂಟು ಕಾಣಲಿಲ್ಲ. ಹರೆಯದ ಹೊಸ್ತಿಲಲ್ಲಿ ತೂಕ ಏರಿದವರಲ್ಲಿ ಖಿನ್ನತೆ ಮಾತ್ರ ಜಾಸ್ತಿ ಕಂಡಿತು.

ಇನ್ಸುಲಿನ್ನೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಎರಡಕ್ಕೂ ಬೇರು ಒಂದೇ ಇರಬಹುದು. ಸಕ್ಕರೆ ಕಾಯಿಲೆಯೂ ಮಾನಸಿಕ ಕಾಯಿಲೆಯೂ ಒಂದೇ ಮನೆತನಗಳಲ್ಲಿ ಕಾಣುತ್ತವೆ ಎಂದು ಇಂಗ್ಲೆಂಡಿನ ವೈದ್ಯ ಹೆನ್ರಿ ಮಾಡ್ಸ್‌ಲಿ 1879ರಲ್ಲೇ ಬರೆದಿದ್ದ. ಸಕ್ಕರೆ ಏರಿಸುವ ಈಗಿನ ಮಾನಸಿಕ ಕಾಯಿಲೆಯ ಮಾತ್ರೆಗಳು ಆಗ ಹುಟ್ಟಿರಲೂ ಇಲ್ಲ.

ಅತ್ತೆಯವರ ಮಾತಿಗೆ ಬರೋಣ. ಜನಸಾಮಾನ್ಯರಲ್ಲಿ ಸುಮಾರು 100ಕ್ಕೆ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬರುತ್ತದೆ. ಸೋದರಮಾವನಿಗೆ ಇದ್ದರೆ 100ರಲ್ಲಿ ಮೂರ್ನಾಲ್ಕು. ಅಂದರೆ 96 ಮಂದಿಗೆ ಬರುವುದಿಲ್ಲ, ಅಲ್ವಾ? ಇದನ್ನು ಅವರಿಗೆ ಹೇಳಿ. ಒಪ್ಪದಿದ್ದರೆ ಬಿಡಿ, ವಾದಕ್ಕೆ ಕೂರಬೇಡಿ.

ಕತ್ತಿನ ಕಪ್ಪನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ದೇಹ ಇನ್ಸುಲಿನ್ನಿನ ಮಾತು ಕೇಳುತ್ತಿಲ್ಲ ಎಂಬುದರ ಗುರುತು. ಅದರಿಂದ ಅವನಿಗೆ ನಿಜವಾಗಿ ಹತ್ತಿರವಿರುವ ಅಪಾಯ ಡಯಾಬಿಟಿಸ್. ಸಕ್ಕರೆ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟ್ರಾಲ್, ಬಿಪಿ ನೋಡಿಸಿ. ಜ್ಯೂಸ್, ಬಿಸ್ಕತ್ತು ಮನೆಗೇ ತರಬೇಡಿ, ಅವನೊಬ್ಬನಿಗೆ ಮಾತ್ರ ಪಥ್ಯ ಮಾಡಿಸುವುದು ಬೇಡ. ದಿನಕ್ಕೊಂದು ಗಂಟೆ ಬೆವರುವಂತೆ ಆಡಲಿ, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಲಿ. ಡಾಕ್ಟರು ಹೇಳದೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಕೊಡಬೇಡಿ. ‘ಡುಮ್ಮ’ ಅಂತ ಯಾರೂ ಕರೆಯಕೂಡದು, ಅಜ್ಜಿಯೂ ಸೇರಿ.

ಒಬ್ಬನೇ ಗೊಣಗುವುದು ಆ ವಯಸ್ಸಿನಲ್ಲಿ ಮಾಮೂಲು. ಕಾವಲು ಕಾಯಬೇಡಿ, ನಿಮ್ಮ ಕಣ್ಣಿನ ಭಯ ಅವನಿಗೆ ತಿಳಿಯುತ್ತದೆ. ಮುಂದೆಂದಾದರೂ ವಾರಗಟ್ಟಲೆ ಗೆಳೆಯರಿಂದ ದೂರವಾಗಿ, ನಿದ್ದೆ ಕೆಟ್ಟು, ಇಲ್ಲದ ದನಿ ಕೇಳಿಸುತ್ತದೆ ಎಂದರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ. ಹರೆಯದಲ್ಲಿ ಗಾಂಜಾ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಈ ಕಾಯಿಲೆಯ ವಿಷಯದಲ್ಲಿ ಅದರ ಅಪಾಯಕ್ಕೆ ಪುರಾವೆ ಹೆಚ್ಚು ಗಟ್ಟಿ.

ಅಂದಹಾಗೆ, ಅಣ್ಣನ ಸಕ್ಕರೆ ಯಾವಾಗ ನೋಡಿಸಿದ್ದೀರಿ? ಸ್ಕಿಜೋಫ್ರೇನಿಯಾಗೆ ಕೊಡುವ ಓಲಾಂಜಪಿನ್‌ನಂಥ ಮಾತ್ರೆಗಳು ತೂಕ, ಸಕ್ಕರೆ ಎರಡನ್ನೂ ಏರಿಸುತ್ತವೆ. ಮಾತ್ರೆ ನಿಲ್ಲಿಸಬೇಡಿ, ಪರೀಕ್ಷೆ ಮಾಡಿಸಿ. ಮಗನ ಜೊತೆಗೇ ಕರೆದುಕೊಂಡು ಹೋಗಿ.