ಅಮ್ಮ ರಾತ್ರಿಯೆಲ್ಲಾ ಇಸ್ಪೀಟ್ ಆಡ್ತಾರೆ

ಫೋನ್ ಮಾಡಿದ್ದು ಮಗ. "ಮೇಡಂ, ಅಮ್ಮನಿಗೆ ಗೇಮ್ ಅಡಿಕ್ಷನ್ ಆಗಿದೆ. ರಾತ್ರಿ ಒಂದು, ಒಂದೂವರೆ ತನಕ ಲ್ಯಾಪ್‌ಟಾಪ್ ಮುಂದೆ ಕೂತು ಇಸ್ಪೀಟ್ ಆಡ್ತಾರೆ." ಅಮ್ಮನ ವಯಸ್ಸು 63. ಕೌನ್ಸೆಲಿಂಗ್ ಮಾಡುವ ನನ್ನ ಹತ್ತಿರ ಈ ದೂರು ಸಾಮಾನ್ಯವಾಗಿ ಉಲ್ಟಾ ಬರುತ್ತದೆ. ಪಿಯುಸಿ ಓದುವ ಮಗನನ್ನು ಅಮ್ಮ ಎಳೆದುಕೊಂಡು ಬರುತ್ತಾರೆ, ಅವನು ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂರುತ್ತಾನೆ. ಶನಿವಾರ ಕರೆದುಕೊಂಡು ಬನ್ನಿ ಅಂದೆ.

ಇಲ್ಲಿ ಅವರನ್ನು ಲಲಿತಮ್ಮ ಅಂತ ಕರೆಯುತ್ತೇನೆ, ಅದು ಅವರ ಹೆಸರಲ್ಲ. ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೀರಿ ಅಂತ ಅವರೇ ಹೇಳಿದರು, "ನನ್ನ ಥರ ಇನ್ನೆಷ್ಟು ಜನ ಬೈಸಿಕೊಳ್ತಿದ್ದಾರೋ" ಅಂತ.

ಜಯನಗರದ ನನ್ನ ಕೋಣೆಗೆ ಬಂದು ಕೂತವರು, ನಾನು ಬಾಯಿ ತೆರೆಯುವ ಮೊದಲೇ ಬ್ಯಾಗಿನಿಂದ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ರಬ್ಬರ್ ಬ್ಯಾಂಡ್ ಹಾಕಿದ ಪಾಸ್‌ಬುಕ್, ಹಿಂದಿನ ದಿನವಷ್ಟೇ ಎಂಟ್ರಿ ಹಾಕಿಸಿದ್ದು. "ಮೊದಲು ಇದನ್ನ ನೋಡಿಬಿಡಿ ಮೇಡಂ. ಆಮೇಲೆ ಮಾತಾಡೋಣ." ಮಗ ಕಿಟಕಿ ಕಡೆ ನೋಡುತ್ತಾ ಕೂತಿದ್ದರು.

ಆಗಿದ್ದು ಇಷ್ಟು. ಒಂದು ರಾತ್ರಿ ಅಮೆರಿಕದವರ ಜೊತೆ ಮೀಟಿಂಗ್ ಮುಗಿಸಿ ನೀರು ಕುಡಿಯೋಕೆ ಬಂದ ಮಗನಿಗೆ ಕತ್ತಲಲ್ಲಿ ಅಮ್ಮ ಕೂತಿದ್ದು ಕಂಡಿದೆ, ಸ್ಕ್ರೀನ್ ತುಂಬ ಇಸ್ಪೀಟ್ ಎಲೆ, ಮೂಲೆಯಲ್ಲಿ ಹೊಳೆಯುವ ನಾಣ್ಯಗಳು. ಆನ್‌ಲೈನ್ ರಮ್ಮಿ ಅಂದುಕೊಂಡರು. ಅವರ ಆಫೀಸಿನಲ್ಲೇ ಒಬ್ಬರು ರಮ್ಮಿ ಆಡಿ ಸಾಲ ಮಾಡಿಕೊಂಡಿದ್ದರಂತೆ, ಹಾಗಾಗಿ ಭಯ ಸುಮ್ನೆ ಬಂದಿದ್ದಲ್ಲ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಸಂಸತ್ತಿನಲ್ಲಿ ಪಾಸಾಗಿದ್ದು 2025ರ ಆಗಸ್ಟ್‌ನಲ್ಲಿ, ಅದಕ್ಕೂ ಮೊದಲು ಆ ಆಟಗಳು ಮನೆಗಳಲ್ಲಿ ಏನೇನು ಮಾಡಿದವು ಅಂತ ಈ ಕೆಲಸದಲ್ಲಿರುವ ನಮಗೆ ಗೊತ್ತು. ಆದರೆ ಮಗ ಕೇಳಿದ ರೀತಿ ನೋಡಿ. ಬೆಳಿಗ್ಗೆ ಹೆಂಡತಿಯ ಎದುರಿಗೇ, "ಅಮ್ಮ, ಪಾಸ್‌ಬುಕ್ ಕೊಡು, ಯುಪಿಐ ಹಿಸ್ಟರಿ ತೋರಿಸು" ಅಂದಿದ್ದಾರೆ. 38 ವರ್ಷ ಬ್ಯಾಂಕಿನಲ್ಲಿ ದುಡಿದು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಯಾಶ್ ಕೌಂಟರ್‌ನಲ್ಲೇ ಕೂತು ಬಂದವರಿಗೆ.

ಪಾಸ್‌ಬುಕ್ ನಾನೂ ನೋಡಿದೆ, ಸುಳ್ಳು ಯಾಕೆ ಹೇಳಲಿ. ಆಟದ ವಿಷಯ ಬಂದರೆ ಮೊದಲು ದುಡ್ಡಿನ ಪ್ರಶ್ನೆ ಕೇಳಲೇಬೇಕು. ಪಿಂಚಣಿ, ಗ್ಯಾಸ್, ಔಷಧಿ, ಮೊಮ್ಮಗಳ ಹುಟ್ಟುಹಬ್ಬಕ್ಕೆ ಎರಡು ಸಾವಿರ. ಮುಗೀತು. ಮಗನನ್ನು ಕೆಳಗೆ ಹೋಗಿ ಕಾಫಿ ಕುಡಿದು ಬನ್ನಿ ಅಂತ ಕಳಿಸಿದೆ.

"ನಮಗೆ ಮೌಸ್ ಹಿಡಿಯೋಕೆ ಕಲಿಸಿದ್ದೇ ಇಸ್ಪೀಟು" ಅಂದರು ಲಲಿತಮ್ಮ. ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಬಗ್ಗೆ ಯೂನಿಯನ್‌ಗಳ ಜೊತೆ ಒಪ್ಪಂದ ಆಗಿದ್ದು 1993ರಲ್ಲಿ. ಅದಾಗಿ ಕೆಲವು ವರ್ಷಕ್ಕೆ ಇವರ ಶಾಖೆಗೂ ಬಂತು. ಮೌಸ್ ಮೇಜಿನ ಅಂಚಿಗೆ ಬಂದರೆ ಮುಂದೆ ಎಲ್ಲಿಗೆ ಒಯ್ಯೋದು ಅಂತ ಗೊತ್ತಾಗದೆ ಕೈ ಅಲ್ಲೇ ನಿಲ್ಲಿಸಿಕೊಂಡು ಕೂರುತ್ತಿದ್ದರಂತೆ. ತರಬೇತಿ ಕೊಡೋಕೆ ಬಂದ ಹುಡುಗ ಸಾಲಿಟೇರ್ ಅನ್ನುವ, ಒಬ್ಬರೇ ಆಡುವ ಇಸ್ಪೀಟ್ ಆಟ ತೆಗೆದುಕೊಟ್ಟು, ಒಂದು ವಾರ ಇದನ್ನೇ ಆಡಿ ಮೇಡಂ, ಬೇರೇನೂ ಮುಟ್ಟಬೇಡಿ ಅಂದ. ಆ ಹುಡುಗ ಬುದ್ಧಿವಂತ. 1990ರಲ್ಲಿ ವಿಂಡೋಸ್ 3.0 ಜೊತೆ ಸಾಲಿಟೇರ್ ಬಂದಾಗ ಅದರಿಂದ ಆದ ದೊಡ್ಡ ಉಪಯೋಗವೇ ಅದು, ಒತ್ತಿ ಹಿಡಿದು ಎಳೆದು ಬಿಡುವುದನ್ನು ಜನ ಆಡ್ತಾ ಆಡ್ತಾ ಕಲಿತರು. ಇವರೂ ಹಾಗೇ ಕಲಿತರು. ಶಾಖೆಯಲ್ಲಿ ಇವರೇ ಮೊದಲು ಕಲಿತಿದ್ದು, ಅದನ್ನು ಎರಡು ಸಲ ಹೇಳಿದರು.

ವಿಂಡೋಸ್ 95ರಲ್ಲಿ ಫ್ರೀಸೆಲ್ ಅನ್ನುವ ಅಂಥದ್ದೇ ಇನ್ನೊಂದು ಆಟ ಸಿಕ್ಕಿದ ಮೇಲೆ ಸಾಲಿಟೇರ್ ಬಿಟ್ಟೇಬಿಟ್ಟರು. "ಅದರಲ್ಲಿ ಅದೃಷ್ಟ ಜಾಸ್ತಿ ಮೇಡಂ, ಇದರಲ್ಲಿ 52 ಎಲೆಗಳೂ ಮೊದಲೇ ಕಣ್ಣೆದುರಿಗಿರ್ತವೆ, ಸೋತರೆ ನಮ್ಮದೇ ತಪ್ಪು." ಆ ಫ್ರೀಸೆಲ್‌ನಲ್ಲಿ ಆಟಗಳಿಗೆ ನಂಬರ್ ಇರುತ್ತಿತ್ತು, 1ರಿಂದ 32,000 ತನಕ. ಊಟದ ಬಿಡುವಿನಲ್ಲಿ ಒಂದು ಆಟ, ಸಂಜೆ ಕ್ಯಾಶ್ ಟ್ಯಾಲಿ ಆದಮೇಲೆ ಬಸ್ಸಿಗೆ ಹೊತ್ತಿದ್ದರೆ ಇನ್ನೊಂದು. ಗೆದ್ದ ನಂಬರ್‌ಗಳನ್ನು ಹಳೇ ಡೈರಿಯಲ್ಲಿ ಬರೆದಿಡುತ್ತಿದ್ದರು. ಆ ಡೈರಿ ಈಗಲೂ ಇದೆಯಾ ಅಂದೆ. ಇದೆ ಅಂದರು, ಪಾಸ್‌ಬುಕ್ ತೋರಿಸುವಾಗ ಇರದ ಒಂದು ಕಳೆ ಮುಖಕ್ಕೆ ಬಂತು.

ಹಾಗಾದರೆ ಮೂವತ್ತು ವರ್ಷ ಸುಮ್ನಿದ್ದ ಆಟ ಈಗ ಯಾಕೆ ರಾತ್ರಿ ಒಂದೂವರೆಗೆ ಹೋಯಿತು? ಇದನ್ನು ಹುಡುಕೋಕೆ ನನಗೆ ಎರಡನೇ ಭೇಟಿ ಬೇಕಾಯಿತು. ಲ್ಯಾಪ್‌ಟಾಪ್ ತರಲು ಹೇಳಿದ್ದೆ.

ಮನೆಯಲ್ಲಿದ್ದ ಹಳೇ ಡೆಸ್ಕ್‌ಟಾಪ್ ಕೆಟ್ಟಾಗ ಮಗ ತನ್ನ ಲ್ಯಾಪ್‌ಟಾಪ್ ಕೊಟ್ಟಿದ್ದರು. ಅದರಲ್ಲಿ ಇವರ ಹಳೇ ಫ್ರೀಸೆಲ್ ಇರಲಿಲ್ಲ. ಬ್ರೌಸರ್‌ನಲ್ಲಿ ಹುಡುಕಿದರು, ಮೊದಲು ಬಂದಿದ್ದನ್ನು ಒತ್ತಿದರು, ಅಲ್ಲಿ ಏನೋ ಕೇಳಿತು, 'ಅಲೋ', ಅಂದರೆ ಅನುಮತಿ ಇದೆ, ಅಂದರು. ಹೀಗೆ ಹದಿನೇಳು ಸೈಟ್‌ಗಳಿಗೆ ಅಲೋ ಅಂದಿದ್ದಾರೆ! ಲ್ಯಾಪ್‌ಟಾಪ್ ತೆರೆದು ಐದು ನಿಮಿಷ ಆಗಿಲ್ಲ, ಬಲಗಡೆ ಕೆಳಮೂಲೆಯಲ್ಲಿ ಒಂದರ ಮೇಲೊಂದು ಚೀಟಿ ಏಳೋಕೆ ಶುರು: ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ನಿಮಗೆ ಬಹುಮಾನ ಬಂದಿದೆ, ನಿಮ್ಮ ನಾಣ್ಯಗಳು ಕಾಯುತ್ತಿವೆ. ಯಾಕಮ್ಮ ಎಲ್ಲದಕ್ಕೂ ಅಲೋ ಅಂದಿರಿ ಅಂತ ಕೇಳಿದೆ. "ಬ್ಯಾಂಕಿನ ಸಾಫ್ಟ್‌ವೇರ್‌ನಲ್ಲಿ ಏನೇ ಕೇಳಿದರೂ ಓಕೆ ಒತ್ತಿದರೇ ತಾನೆ ಮುಂದಕ್ಕೆ ಹೋಗೋದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನು ಆ ಹೊಸ ಆಟ. ಎಲೆಗಳು ಅವೇ, ಎಕ್ಕ ರಾಜ ರಾಣಿ ಗುಲಾಮ ಎಲ್ಲ ಅವೇ. ಸುತ್ತ ಇರೋದೆಲ್ಲ ಬೇರೆ. ದಿನಕ್ಕೊಂದು ಸವಾಲು, ಗೆದ್ದರೆ ನಾಣ್ಯ, ಸತತವಾಗಿ ಎಷ್ಟು ದಿನ ಆಡಿದಿರಿ ಅಂತ ಒಂದು ಬೆಂಕಿ ಗುರುತು. ಒಂದು ದಿನ ತಪ್ಪಿದರೆ ಬೆಂಕಿ ಆರಿಹೋಗಿ ಮತ್ತೆ ಸೊನ್ನೆ. ಲಲಿತಮ್ಮನದು 94 ದಿನ ಆಗಿತ್ತು. ಹೊಸ ಸವಾಲು ಬರೋದು ರಾತ್ರಿ ಹನ್ನೆರಡಕ್ಕೆ. ಹನ್ನೊಂದೂವರೆಗೆ ಒಮ್ಮೆ, ಇವತ್ತಿನದು ಆಯಿತಾ ಅಂತ ನೋಡುತ್ತಾರೆ. ಹನ್ನೆರಡು ದಾಟಿದ ಮೇಲೆ ನಾಳೆಯದನ್ನೂ ಮುಗಿಸಿಬಿಟ್ಟರೆ ನಿಶ್ಚಿಂತೆ ಅಂತ ಮತ್ತೆ ಕೂರುತ್ತಾರೆ. ಕ್ಯಾಶ್ ಟ್ಯಾಲಿ ಆಗದೆ ಬಾಗಿಲು ಹಾಕಿ ಗೊತ್ತಿಲ್ಲದವರಿಗೆ, ಯಾವತ್ತೂ ಟ್ಯಾಲಿ ಆಗದ ಒಂದು ಆಟ ಕೊಟ್ಟ ಹಾಗಾಯಿತು.

ಹನ್ನೊಂದೂವರೆ ತನಕ ಎದ್ದಿರುವುದು ಯಾಕೆ? ಮಗ ಸೊಸೆ ಇಬ್ಬರದೂ ರಾತ್ರಿ ಕಾಲ್‌ಗಳು, ಮುಗಿಸಿ ಹೊರಗೆ ಬಂದಾಗ ಹಾಲು ಬಿಸಿ ಮಾಡಿ ಕೊಡಬೇಕು, ಬಾಗಿಲಿನ ಚಿಲಕ ನೋಡಬೇಕು. ಕಾಯಬೇಡಿ ಅತ್ತೆ ಅಂತ ಸೊಸೆ ಎಷ್ಟೋ ಸಲ ಹೇಳಿದ್ದಾರೆ. ಯಜಮಾನರು ಒಂಬತ್ತೂವರೆಗೇ ಮಲಗುತ್ತಾರೆ.

ಅಡಿಕ್ಷನ್ ಹೌದೋ ಅಲ್ಲವೋ? ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11, 2022ರ ಜನವರಿಯಿಂದ ಜಾರಿಯಲ್ಲಿದೆ, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಅಂತ ಒಂದು ಕಾಯಿಲೆಯ ಹೆಸರಿದೆ. ಅದು ಗಂಟೆ ಲೆಕ್ಕ ಹಾಕುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯಾ, ಉಳಿದ ಕೆಲಸ, ಆಸಕ್ತಿಗಳನ್ನೆಲ್ಲ ಆಟ ಹಿಂದಕ್ಕೆ ತಳ್ಳಿದೆಯಾ, ತೊಂದರೆ ಆಗುತ್ತಿದ್ದರೂ ಬಿಡದೆ ಆಡುತ್ತಿದ್ದಾರಾ, ಇವನ್ನು ಕೇಳುತ್ತದೆ. ಬದುಕು ಗಂಭೀರವಾಗಿ ಕೆಟ್ಟಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೇ ನಡೆದಿರಬೇಕು. ಲಲಿತಮ್ಮ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಅಡುಗೆ ಮಾಡುತ್ತಾರೆ, ಮೊಮ್ಮಗಳನ್ನು ಶಾಲೆ ವ್ಯಾನ್ ಹತ್ತಿಸುತ್ತಾರೆ. ನಿದ್ದೆ ಮಾತ್ರ ಐದು ಗಂಟೆಗೆ ಇಳಿದಿದೆ, ಬಿಪಿ ಮಾತ್ರೆ ಬೇರೆ ತಗೊಳ್ತಾರೆ. ಅಡಿಕ್ಷನ್ ಅಲ್ಲ, ಆದರೆ ನಿದ್ದೆಯನ್ನು ಹೀಗೇ ಬಿಡುವಂತಿಲ್ಲ ಅಂತ ಇಬ್ಬರನ್ನೂ ಕೂರಿಸಿ ಹೇಳಿದೆ. ದುಡ್ಡು ಹೋಗುತ್ತಿದ್ದರೆ, ಸುಳ್ಳು ಹೇಳಿ ಆಡುತ್ತಿದ್ದರೆ, ಊಟ ಸ್ನಾನ ಬಿಟ್ಟಿದ್ದರೆ ನನ್ನ ಮಾತೇ ಬೇರೆ ಇರುತ್ತಿತ್ತು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ, 2014ರಿಂದ ನಡೆಯುತ್ತಿದೆ, ಅಲ್ಲಿಗೆ ಕಳಿಸುತ್ತಿದ್ದೆ. ತಕ್ಷಣ ಯಾರ ಜೊತೆಯಾದರೂ ಮಾತಾಡಬೇಕು ಅನ್ನಿಸಿದವರಿಗೆ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮಗನಿಗೆ ಹೇಳಿದ್ದು ಒಂದೇ. ಪಾಸ್‌ಬುಕ್ ಕೇಳಿದ್ದಕ್ಕೆ ಕ್ಷಮೆ ಕೇಳಿ, ಹೆಂಡತಿಯ ಎದುರಿಗೇ ಕೇಳಿ. ಆಮೇಲೆ ಒಂದು ಭಾನುವಾರ ಪಕ್ಕದಲ್ಲಿ ಕೂತು, ಅಮ್ಮ ಇದನ್ನ ಹೇಗೆ ಆಡೋದು ತೋರಿಸು ಅನ್ನಿ. ಅವರು ಇದಕ್ಕೆ ಯಾಪ್ ಇದೆಯಾ, ಟೈಮರ್ ಹಾಕಲಾ, ವೈಫೈ ಹನ್ನೊಂದಕ್ಕೆ ಆಫ್ ಮಾಡಲಾ ಅಂತೆಲ್ಲ ಕೇಳಿದರು. ಬೇಡ. ಅರ್ಧ ಆಟದಲ್ಲಿ ವೈಫೈ ಕಿತ್ತರೆ ಹದಿನೇಳರ ಹುಡುಗನಿಗೂ ಸಿಟ್ಟು ಬರುತ್ತದೆ, 63ರ ಅಮ್ಮನಿಗೂ ಬರುತ್ತದೆ, ಅಲ್ವಾ?

ಲಲಿತಮ್ಮನ ಜೊತೆ ಆ ಹದಿನೇಳು ಸೈಟ್‌ಗಳನ್ನು ತೆಗೆದೆವು. ಬ್ರೌಸರಿನ ಸೆಟ್ಟಿಂಗ್ಸ್, ಅದರಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಹುಡುಕಿದ್ದು ನಾನು, ಒಂದೊಂದಾಗಿ ಬ್ಲಾಕ್ ಮಾಡಿದ್ದು ಅವರು, ಹಳೇ ಚೆಕ್ ಕ್ಯಾನ್ಸಲ್ ಮಾಡುವ ಹಾಗೆ. ಇದು ವೈರಸ್ ಅಲ್ಲ, ಸೈಟ್‌ಗಳಿಗೆ ನಾವೇ ಕೊಟ್ಟ ಅನುಮತಿ, ನಾವೇ ವಾಪಸ್ ತಗೋಬಹುದು ಅಂದಾಗ ಅವರ ಭುಜ ಇಳಿದಿದ್ದು ಕಂಡಿತು. ಮೂರು ತಿಂಗಳಿಂದ ತಾನೇ ಲ್ಯಾಪ್‌ಟಾಪ್ ಹಾಳು ಮಾಡಿದೆ ಅಂದುಕೊಂಡು ಯಾರಿಗೂ ಹೇಳಿರಲಿಲ್ಲ.

ಬೆಂಕಿ ಗುರುತಿನ ಆಟ ಬಿಡಿ, ಫ್ರೀಸೆಲ್ ಬಿಡಬೇಡಿ ಅಂದೆ. ಜಾಹೀರಾತು ಇಲ್ಲದ, ನಂಬರ್ ಕೊಟ್ಟು ಆಡುವಂಥದ್ದು ಈಗಲೂ ಸಿಗುತ್ತದೆ, ಪೈಸಾಲ್ ಅನ್ನುವ ಓಪನ್‌ಸೋರ್ಸ್ ಆಟವನ್ನು ಮಗ ಹಾಕಿಕೊಟ್ಟರು. ದಿನಕ್ಕೆ ಮೂರು ನಂಬರ್, ಡೈರಿಯಲ್ಲಿ ಬರೆಯಿರಿ, ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ. ಮುಚ್ಚಳ ಹಾಕುವುದಲ್ಲ, ಶಟ್‌ಡೌನ್. ನಿಮಿಷದ ಲೆಕ್ಕ ಬೇಡ ಅಂದೆ, ಆಟದ ನಡುವೆ ಅಲಾರಾಂ ಹೊಡೆದರೆ ಅದನ್ನು ಆಫ್ ಮಾಡಿ ಮುಂದುವರಿಸುವುದು ಎಲ್ಲರೂ ಮಾಡುವ ಕೆಲಸ, ನಾನೂ ಮಾಡುತ್ತೇನೆ. ಆಮೇಲೆ ಹಾಲು ಫ್ಲಾಸ್ಕ್‌ಗೆ ಹಾಕಿಟ್ಟು ಹತ್ತೂವರೆಗೆ ಮಲಗಿ, ಚಿಲಕ ಮಗ ನೋಡಿಕೊಳ್ಳಲಿ. 94 ದಿನದ ಬೆಂಕಿ ಆರಲು ಬಿಡುವುದು ಸುಲಭ ಇರಲಿಲ್ಲ. ಮೊದಲ ಎರಡು ರಾತ್ರಿ ನಿದ್ದೆ ಬರಲಿಲ್ಲವಂತೆ.

ನನ್ನದೊಂದು ಸಲಹೆ ಮಕಾಡೆ ಬಿತ್ತು. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಲೆಕ್ಕ ನೋಡಿಕೊಳ್ಳಬಾರದಾ ಅಂದೆ, ಬಹಳ ಜಾಣತನದ ಐಡಿಯಾ ಅಂದುಕೊಂಡು. "38 ವರ್ಷ ಕಂಡವರ ದುಡ್ಡು ಎಣಿಸಿದ್ದು ಸಾಲದಾ ನಿಮಗೆ?" ಅಂದರು.

ಆರು ವಾರ ಆದಮೇಲೆ ಮಗನ ಮೆಸೇಜ್ ಬಂತು. ನಿದ್ದೆ ಈಗ ಏಳು ಗಂಟೆಗೆ ಹತ್ತಿರ ಬಂದಿದೆ. ಹೊಸ ಸಮಸ್ಯೆ 11982. ಆ 32,000 ಆಟಗಳನ್ನು 1994ರಿಂದ 95ರ ತನಕ ಡೇವ್ ರಿಂಗ್ ಅನ್ನುವವರು ಇಂಟರ್‌ನೆಟ್‌ನಲ್ಲಿ ಜನರಿಗೆ ಹಂಚಿ ಆಡಿಸಿದ್ದರು, ಒಂದನ್ನು ಬಿಟ್ಟು ಎಲ್ಲ ಬಗೆಹರಿದವು. ಆ ಒಂದೇ 11982, ಅದು ಆಗುವುದಿಲ್ಲ ಅಂತ ಕಂಪ್ಯೂಟರ್‌ಗಳೂ ಆಮೇಲೆ ಹೇಳಿದವು. ಮಗ ಇದನ್ನೆಲ್ಲ ಓದಿ ಅಮ್ಮನಿಗೆ ಹೇಳಿದ್ದಾರೆ. ಅವರು ಕೇಳುತ್ತಿಲ್ಲ, ನಾಲ್ಕು ದಿನದಿಂದ ಅದನ್ನೇ ಆಡುತ್ತಿದ್ದಾರಂತೆ.

ಎಷ್ಟು ಹೊತ್ತಿಗೆ ಆಡುತ್ತಾರೆ ಅಂತ ಕೇಳಿದೆ.

"ಮಧ್ಯಾಹ್ನ, ಊಟ ಆದ್ಮೇಲೆ."

ಆಡಲಿ ಬಿಡಿ ಅಂತ ಕಳಿಸಿದೆ.