ಹಾರ್ನ್ ಧ್ವನಿ ತೆಳುವಾಗುತ್ತಿದ್ದರೆ ಮೊದಲು ತುಟಿಯ ಮೇಲಿನ ಒತ್ತಡವನ್ನು ನೋಡಿ

ಎರಡು ತಿಂಗಳಿನಿಂದ ಫ್ರೆಂಚ್ ಹಾರ್ನ್ (ತುಟಿ ಕಂಪಿಸಿ ಊದುವ ಸುರುಳಿಯಾಕಾರದ ಹಿತ್ತಾಳೆ ವಾದ್ಯ) ಕಲಿಯುತ್ತಿರುವ ನಿಮ್ಮ ವಿದ್ಯಾರ್ಥಿನಿಯ ಬಗ್ಗೆ ನೀವು ಬರೆದು ಕೇಳಿದ್ದೀರಿ. ಅವಳ ವಾದ್ಯದ ಧ್ವನಿ ಮೇಲಿನ ಸ್ವರಗಳಲ್ಲಿ ಹಿಂಡಿದಂತೆ ತೆಳುವಾಗುವುದಕ್ಕೂ, ಹತ್ತು ನಿಮಿಷದಲ್ಲೇ ಅವಳ ತುಟಿ ಸೋಲುವುದಕ್ಕೂ ಕಾರಣ ಬಹುಮಟ್ಟಿಗೆ ಒಂದೇ: ಬಾಯಿಯ ಮೂಲೆಗಳನ್ನು ನಗುವಾಗಿನಂತೆ ಹಿಂದಕ್ಕೆಳೆದು, ಕಳೆದುಹೋದ ಬಿಗಿಯನ್ನು ಮೌತ್‌ಪೀಸನ್ನು (ವಾದ್ಯದ ತುಟಿಗಿಡುವ ತುದಿ) ಒತ್ತಿ ತುಂಬಿಕೊಳ್ಳುವುದು. ನುಡಿಸಿದ ಬಳಿಕ ಮೇಲ್ದುಟಿಯಲ್ಲಿ ಕೆಂಪು ಉಂಗುರದ ಗುರುತು ಉಳಿಯುತ್ತದೆ ಎಂದು ನೀವೇ ಬರೆದಿರುವುದು ಇದಕ್ಕೆ ಪುಷ್ಟಿ ಕೊಡುತ್ತದೆ. ಆದರೂ ನುಡಿಸುವುದನ್ನು ಕೇಳದೆ ಖಚಿತವಾಗಿ ಹೇಳಲಾರೆ.

ಮೊದಲು ಕನ್ನಡಿಯ ಮುಂದೆ, ವಾದ್ಯವಿಲ್ಲದೆ, 'ಮ್' ಎನ್ನುವಾಗಿನಂತೆ ತುಟಿಗಳನ್ನು ಸೇರಿಸಿ, ಗದ್ದವನ್ನು ಚಪ್ಪಟೆಯಾಗಿಟ್ಟು, ಮೂಲೆಗಳನ್ನು ಮಾತ್ರ ಬಿಗಿಹಿಡಿಯಲು ಹೇಳಿ. ಬಳಿಕ ಮೌತ್‌ಪೀಸಿನ ಸುಮಾರು ಮೂರನೇ ಎರಡು ಭಾಗ ಮೇಲ್ದುಟಿಯ ಮೇಲೂ ಉಳಿದದ್ದು ಕೆಳದುಟಿಯ ಮೇಲೂ ಬರುವಂತೆ ಇರಿಸಿ. ಹಲ್ಲುಗಳ ಜೋಡಣೆಗೆ ತಕ್ಕಂತೆ ಈ ಪ್ರಮಾಣ ತುಸು ಬದಲಾದೀತು. ಮೌತ್‌ಪೀಸನ್ನು ಎರಡೇ ಬೆರಳುಗಳಲ್ಲಿ ಹಿಡಿದು ತುಟಿಯನ್ನು ಝೇಂಕರಿಸಲಿ, ಏಕೆಂದರೆ ಎರಡು ಬೆರಳಿಗೆ ಒತ್ತುವಷ್ಟು ಬಲವಿರುವುದಿಲ್ಲ.

ವಾದ್ಯಕ್ಕೆ ಮರಳಿದಾಗ ಎಡಗೈಯ ಕಿರುಬೆರಳನ್ನು ಅದಕ್ಕೆಂದೇ ವಾದ್ಯದಲ್ಲಿರುವ ಕೊಕ್ಕೆಯಿಂದ ಹೊರತೆಗೆಸಿ. ಮಕ್ಕಳು ತಮಗರಿವಿಲ್ಲದೆಯೇ ವಾದ್ಯವನ್ನು ಮುಖದತ್ತ ಎಳೆದುಕೊಳ್ಳುವುದು ಆ ಬೆರಳಿನಿಂದಲೇ, ಮತ್ತು ನನ್ನ ಅನುಭವದಲ್ಲಿ ಈ ಒಂದು ಬದಲಾವಣೆ ಉಳಿದೆಲ್ಲಕ್ಕಿಂತ ಬೇಗ ಫಲ ಕೊಡುತ್ತದೆ. ಸ್ವರಲಿಪಿಯಲ್ಲಿ ಕೆಳಗಿನಿಂದ ಎರಡನೇ ಗೆರೆಯ 'ಜಿ' ಸ್ವರವನ್ನು ಮೃದುವಾಗಿ ಎಂಟು ಎಣಿಕೆಯವರೆಗೆ ಹಿಡಿಸಿ. ಅದು ತುಂಬಿ ಬಂದ ಮೇಲಷ್ಟೇ ಒಂದೊಂದೇ ಸ್ವರ ಮೇಲೇರಿ.

ಇಷ್ಟಾದ ಮೇಲೂ ಧ್ವನಿ ಮಬ್ಬಾಗಿ, ಶ್ರುತಿ ಇಳಿದಂತೆ ಕೇಳಿಸಿದರೆ ಬೆಲ್ (ವಾದ್ಯದ ಅಗಲವಾದ ಬಾಯಿ) ಒಳಗಿಟ್ಟ ಬಲಗೈ ಅದನ್ನು ಹೆಚ್ಚು ಮುಚ್ಚುತ್ತಿರಬಹುದು; ಜೋಡಿಸಿದ ಬೆರಳುಗಳ ಹಿಂಬದಿ ಮೈಯಿಂದ ದೂರದ ಒಳಗೋಡೆಗೆ ತಾಗಿರಲಿ, ಅಂಗೈ ತೆರೆದಿರಲಿ. ತುಟಿ ನಡುಗತೊಡಗಿದೊಡನೆ ನಿಲ್ಲಿಸಿ, ನುಡಿಸಿದಷ್ಟೇ ಹೊತ್ತು ವಿಶ್ರಾಂತಿ ಕೊಡಿ.